ಕೆಡವಬೇಕಿದ್ದ ಕಿನ್ಸಾಲ್ ಸೇತುವೆ ಉಳಿದ ಕಥೆ

ಮನೆ ಕಟ್ಟುವಾಗ ಗೋಡೆಗೆ ಸಾರುವೆ ಹಾಕುತ್ತಾರಲ್ಲ, ಅದನ್ನೇ 44 ಮೀಟರ್ ಎತ್ತರಕ್ಕೆ ಏರಿಸಿದ ಹಾಗೆ ಕಾಣುತ್ತದೆ ಕಿನ್ಸಾಲ್ ಟ್ರೆಸಲ್. ಕೆನಡಾದ ವ್ಯಾಂಕೂವರ್ ದ್ವೀಪದಲ್ಲಿ, ಶಾನಿಗನ್ ಸರೋವರದ ಹತ್ತಿರ, ಕೋಕ್‌ಸೈಲಾ ನದಿಯ ಕಣಿವೆ ದಾಟಲು ಕಟ್ಟಿದ ಮರದ ರೈಲು ಸೇತುವೆ ಇದು. ಉದ್ದ ಸುಮಾರು 187 ಮೀಟರ್. ನೇರವಾಗಿಲ್ಲ, ಬಿಲ್ಲಿನ ಹಾಗೆ ಬಾಗಿದೆ. ಇವತ್ತು ಇದರ ಮೇಲೆ ಜನ ನಡೆಯುತ್ತಾರೆ, ಸೈಕಲ್ ತುಳಿಯುತ್ತಾರೆ. ಆದರೆ 2007ರಲ್ಲಿ ಇದನ್ನು ಕೆಡವಿ ಹಾಕಲು ಸರ್ಕಾರ ತೀರ್ಮಾನಿಸಿತ್ತು.

ಕಟ್ಟುವ ಕೆಲಸ ಶುರುವಾಗಿದ್ದು 1911ರಲ್ಲಿ. ದ್ವೀಪದ ಕಾಡಿನ ಭಾರಿ ಮರಗಳನ್ನು ವಿಕ್ಟೋರಿಯಾ ನಗರದ ಕಡೆಗೆ ಸಾಗಿಸುವುದು ಈ ರೈಲು ಹಾದಿಯ ಉದ್ದೇಶ. ನಡುವೆ ಮೊದಲ ಮಹಾಯುದ್ಧ ಬಂತು, ಕೆಲಸ ಕುಂಟಿತು. ಮುಗಿದದ್ದು 1920ರಲ್ಲಿ. ಕಟ್ಟಿದವರಲ್ಲಿ ಸುತ್ತಮುತ್ತಲಿನ ರೈತರು, ಮರ ಕಡಿಯುವವರು ಇದ್ದರು. ಹತ್ತಿರದಲ್ಲಿದ್ದ ‘ಕಿಂಗ್ ಸಾಲೊಮನ್ ಮೈನ್ಸ್’ ಎಂಬ ಚಿಕ್ಕ ಗಣಿಯ ಹೆಸರನ್ನೇ ಮೊಟಕು ಮಾಡಿ ಕಿನ್ಸಾಲ್ ಎಂದರು.

ಉಕ್ಕಿನ ಬದಲು ಮರ ಯಾಕೆ? ಕೈಗೆ ಸಿಗುತ್ತಿದ್ದದ್ದೇ ಅದು. ಸುತ್ತ ಡಗ್ಲಸ್ ಫರ್ ಮರಗಳ ಕಾಡು. ದಪ್ಪ ಕಂಬಗಳನ್ನು ಸಾಲಾಗಿ ನಿಲ್ಲಿಸಿ, ಅಡ್ಡಪಟ್ಟಿಗಳಿಂದ ಒಂದಕ್ಕೊಂದು ಬಿಗಿದು ಚೌಕಟ್ಟು ಮಾಡುವುದು, ಅಂಥ ಚೌಕಟ್ಟುಗಳ ಮೇಲೆ ಹಳಿ ಹಾಸುವುದು. ಆದರೆ ಮಳೆ ಜಾಸ್ತಿ ಇರುವ ಕಡೆ ಮರ ಸುಮ್ನೆ ಬಿಟ್ಟರೆ ಉಳಿಯುವುದಿಲ್ಲ. ಎರಡು ತೊಲೆ ಸೇರುವ ಸಂದಿಯಲ್ಲಿ ನೀರು ಕೂರುತ್ತದೆ, ಅಲ್ಲಿಂದಲೇ ಕೊಳೆಯಲು ಶುರು. ಹಾಗಾಗಿ ರೈಲು ಓಡುತ್ತಿದ್ದ ಕಾಲದಲ್ಲೇ ಹಲವು ಸಲ ರಿಪೇರಿ ಆಯಿತು, ತೊಲೆಗಳನ್ನು ಬದಲಿಸಿದರು. ನನ್ನ ಪ್ರಕಾರ ಇಡೀ ಕಥೆಯಲ್ಲಿ ಮುಖ್ಯವಾದ ಸಂಗತಿ ಇದು. ಇಂಥ ಸೇತುವೆಗೆ ಒಂದೇ ವಯಸ್ಸು ಅಂತ ಇರುವುದಿಲ್ಲ. ಕೆಟ್ಟ ತೊಲೆ ತೆಗೆದು ಒಳ್ಳೆಯದನ್ನು ಹಾಕುತ್ತಾ ಹೋದರೆ ಅದು ನಿಲ್ಲುತ್ತದೆ. ಕೈಬಿಟ್ಟರೆ ಮಾತ್ರ ಸಾಯುತ್ತದೆ.

1979ರಲ್ಲಿ ಕೊನೆಯ ರೈಲು ಹೋಯಿತು. ಆಮೇಲೆ ಸೇತುವೆಯನ್ನು ನೋಡಿಕೊಳ್ಳುವವರಿಲ್ಲ. 1988ರಲ್ಲಿ ಒಮ್ಮೆ, 2006ರಲ್ಲಿ ಮತ್ತೊಮ್ಮೆ ಕಿಡಿಗೇಡಿಗಳು ಬೆಂಕಿ ಇಟ್ಟರು. ಅಷ್ಟರಲ್ಲಿ ಹಳೆಯ ರೈಲು ಹಾದಿ ನಡಿಗೆ ಹಾದಿಯಾಗುತ್ತಿತ್ತು. ಆದರೆ ಕಣಿವೆಯ ಹತ್ತಿರ ಬಂದವರು ದೂರ ಸುತ್ತಿಕೊಂಡು ಆಚೆ ದಡ ಸೇರಬೇಕಿತ್ತು. ಸೇತುವೆ ಕಣ್ಣೆದುರಿಗೇ ಇದೆ, ಕಾಲಿಡುವ ಹಾಗಿಲ್ಲ.

ರಿಪೇರಿಗಿಂತ ಕೆಡವುವುದೇ ಅಗ್ಗ ಎಂದುಕೊಂಡ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯದ ಸರ್ಕಾರ 2007ರಲ್ಲಿ ಅದಕ್ಕೆ ಸುಮಾರು 15 ಲಕ್ಷ ಡಾಲರ್ ತೆಗೆದಿಟ್ಟಿತು. ಊರಿನವರು ಒಪ್ಪಲಿಲ್ಲ. ಸೇತುವೆ ಇರುವ ಕೌವಿಚನ್ ಕಣಿವೆ ಪ್ರದೇಶದ ಸ್ಥಳೀಯ ಆಡಳಿತ ಪಾರಂಪರಿಕ ಕಟ್ಟಡಗಳ ತಜ್ಞರಿಂದ ಇನ್ನೊಮ್ಮೆ ಪರೀಕ್ಷೆ ಮಾಡಿಸಿತು. ಇದನ್ನು ಉಳಿಸಬಹುದು ಎಂದರು ಅವರು. ಡಾಕ್ಟರು ಕೈಚೆಲ್ಲಿದ ಮೇಲೂ ಮನೆಯವರು ಇನ್ನೊಬ್ಬ ಡಾಕ್ಟರ ಹತ್ತಿರ ಹೋಗುವುದಿಲ್ಲವಾ, ಹಾಗೆ.

ಖರ್ಚು ಕಡಿಮೆಯೇನಲ್ಲ, 70 ಲಕ್ಷ ಡಾಲರ್ ದಾಟಿತು. ದಾನಿಗಳೂ ಕೈಜೋಡಿಸಿದರು. ಮರಗೆಲಸದ ಪರಿಣತರು ಗಟ್ಟಿ ಇದ್ದ ಹಳೆಯ ತೊಲೆಗಳನ್ನು ಉಳಿಸಿಕೊಂಡು, ಕೊಳೆತಲ್ಲಿ ಹೊಸದನ್ನು ಕೂರಿಸಿದರು. ಹಿಂದಿನವರು ರೈಲಿಗಾಗಿ ಮಾಡುತ್ತಿದ್ದ ಕೆಲಸವನ್ನೇ ಇವರು ನಡೆಯುವವರಿಗಾಗಿ ಮಾಡಿದರು.

2011ರ ಜುಲೈ 28ರಂದು ಸೇತುವೆ ತೆರೆಯಿತು. ಈಗ ಇದು ಕೆನಡಾವನ್ನು ಉದ್ದಕ್ಕೂ ದಾಟುವ ಟ್ರಾನ್ಸ್ ಕೆನಡಾ ಟ್ರೇಲ್ ಎಂಬ ಹಾದಿಯ ಭಾಗ. ಹೋದರೆ ಮೇಲೆ ನಡೆದು ಬಂದುಬಿಡಬೇಡಿ. ಕೆಳಗೆ ನದಿಯ ಕಡೆಗೂ ಇಳಿಯಿರಿ. ಅಲ್ಲಿ ನಿಂತು ತಲೆ ಎತ್ತಿದರೆ ಒಂದೊಂದು ತೊಲೆಯೂ ಕಾಣುತ್ತದೆ.