ಒಬ್ಬರಿಗೆ ಎಷ್ಟು ವ್ಯಾಟ್ ಸಾಕು?

1985ರಲ್ಲಿ ನಾಲ್ಕು ದೇಶಗಳ ನಾಲ್ವರು ವಿಜ್ಞಾನಿಗಳು ಸೇರಿ ಒಂದು ಲೆಕ್ಕ ಹಾಕಿದರು. ಬ್ರೆಜಿಲ್‌ನ ಜೋಸೆ ಗೋಲ್ಡೆಂಬರ್ಗ್, ಸ್ವೀಡನ್ನಿನ ಥಾಮಸ್ ಯೋಹಾನ್ಸನ್, ಅಮೆರಿಕದ ರಾಬರ್ಟ್ ವಿಲಿಯಮ್ಸ್ ಮತ್ತು ನಮ್ಮ ಬೆಂಗಳೂರಿನ ಅಮೂಲ್ಯ ರೆಡ್ಡಿ. ಬಡ ದೇಶದ ಒಬ್ಬ ಮನುಷ್ಯ, 1970ರ ದಶಕದ ಪಶ್ಚಿಮ ಯುರೋಪಿನವರಷ್ಟು ಅನುಕೂಲವಾಗಿ ಬದುಕಬೇಕಾದರೆ ಎಷ್ಟು ಶಕ್ತಿ ಬೇಕು ಎನ್ನುವುದು ಪ್ರಶ್ನೆ. ಒಳ್ಳೆಯ ಉಪಕರಣ ಬಳಸಿದರೆ ತಲೆಗೆ ಸುಮಾರು 1 ಕಿಲೋವ್ಯಾಟ್ ಸಾಕು ಎಂಬ ಉತ್ತರ ಬಂತು.

1 ಕಿಲೋವ್ಯಾಟ್ ಎಂದರೆ ಹಗಲೂ ರಾತ್ರಿ ನಿಲ್ಲದೆ ಸಾವಿರ ವ್ಯಾಟ್. ದಿನಕ್ಕೆ 24 ಯೂನಿಟ್ ಆಯಿತು. ನಮ್ಮ ಮನೆಯ ಕರೆಂಟ್ ಬಿಲ್ಲಿಗಿಂತ ಇದು ಎಷ್ಟೋ ಜಾಸ್ತಿ ಅಲ್ವಾ, ಎಂದು ನೀವು ಕೇಳಬಹುದು. ಈ ಲೆಕ್ಕದಲ್ಲಿ ಮನೆಯ ದೀಪ, ಒಲೆ ಮಾತ್ರ ಇಲ್ಲ. ನೀವು ಹತ್ತಿದ ಬಸ್ಸಿನ ಡೀಸೆಲ್, ಮನೆ ಕಟ್ಟಿದ ಸಿಮೆಂಟು, ಉಂಡ ಅನ್ನಕ್ಕೆ ಹಾಕಿದ ಯೂರಿಯಾ, ಇವುಗಳಲ್ಲಿ ನಿಮ್ಮ ಪಾಲೂ ಸೇರಿದೆ. ಸುಮ್ನೆ ಕೂತಿರುವ ಮನುಷ್ಯನ ದೇಹ ಸುಮಾರು 100 ವ್ಯಾಟ್‌ನಲ್ಲಿ ನಡೆಯುತ್ತದೆ. ಈ ಲೆಕ್ಕದಲ್ಲಿರುವುದು ಅದಲ್ಲ, ನಾವು ದೇಹದ ಹೊರಗೆ ಉರಿಸುವ ಶಕ್ತಿ.

ಈಗ ಜಗತ್ತನ್ನು ನೋಡೋಣ. ಭೂಮಿಯ ಮೇಲಿನ ಎಲ್ಲರೂ ಸೇರಿ ವರ್ಷಕ್ಕೆ ಹತ್ತಿರಹತ್ತಿರ 600 ಎಕ್ಸಾಜೂಲ್ ಶಕ್ತಿ ಬಳಸುತ್ತೇವೆ. ಎಕ್ಸಾಜೂಲ್ ಎಂದರೆ ಒಂದರ ಮುಂದೆ ಹದಿನೆಂಟು ಸೊನ್ನೆ ಹಾಕಿದಷ್ಟು ಜೂಲ್. ಇಂಥ ಸಂಖ್ಯೆ ಯಾರ ತಲೆಗೂ ಹತ್ತುವುದಿಲ್ಲ. 800 ಕೋಟಿ ಜನಕ್ಕೆ ಹಂಚಿದರೆ ತಲೆಗೆ ಸುಮಾರು 2,300 ವ್ಯಾಟ್ ಬರುತ್ತದೆ. ಅಮೆರಿಕದವರ ಸರಾಸರಿ 9 ಸಾವಿರ ವ್ಯಾಟ್‌ನ ಆಸುಪಾಸು. ಭಾರತದವರದ್ದು ಸಾವಿರಕ್ಕಿಂತ ಕಡಿಮೆ. ಹಾಗೆಂದು ನಾವು ಆಗಲೇ ಆ ನಾಲ್ವರ ಗುರಿಯ ಹತ್ತಿರ ಇದ್ದೇವೆ ಅಂದುಕೊಳ್ಳಬೇಡಿ. ಅವರದು ಕೈಗೆ ಬಂದು ಸೇರಿದ ಶಕ್ತಿಯ ಲೆಕ್ಕ. 2,300, 9 ಸಾವಿರ ಎನ್ನುವುದೆಲ್ಲ ಗಣಿಯಿಂದ, ಬಾವಿಯಿಂದ ತೆಗೆದಾಗಿನ ಲೆಕ್ಕ. ನಡುವೆ ಸೋರಿ ಹೋಗುವುದು ಬಹಳ. ಆ ಸೋರಿಕೆಯ ವಿಷಯಕ್ಕೆ ಆಮೇಲೆ ಬರುತ್ತೇನೆ.

ಈ ಶಕ್ತಿಯ ಐದರಲ್ಲಿ ನಾಲ್ಕು ಪಾಲು ಇವತ್ತಿಗೂ ಕಲ್ಲಿದ್ದಲು, ಎಣ್ಣೆ ಮತ್ತು ಅನಿಲದಿಂದಲೇ ಬರುತ್ತದೆ. ಇದಕ್ಕೆ ಕಂಪನಿಗಳ ಲಾಭದಾಸೆ, ಸರ್ಕಾರಗಳ ಸೋಮಾರಿತನ ಎಂದು ಬೈಯುವುದು ಸುಲಭ. ಅದರಲ್ಲಿ ಸತ್ಯವೂ ಇದೆ. ಆದರೆ ಮೂಲ ಕಾರಣ ಭೌತವಿಜ್ಞಾನದಲ್ಲಿದೆ. 12 ಸಾವಿರ ಲೀಟರಿನ ಟ್ಯಾಂಕರ್ ತುಂಬ ನೀರನ್ನು ಜೋಗದ ತಳದಿಂದ ತಲೆಯವರೆಗೆ, ಅಂದರೆ 253 ಮೀಟರ್ ಎತ್ತಬೇಕು ಎಂದುಕೊಳ್ಳಿ. ಅದಕ್ಕೆ ಬೇಕಾದ ಶಕ್ತಿ ಸುಮಾರು 3 ಕೋಟಿ ಜೂಲ್. ಒಂದು ಲೀಟರ್ ಪೆಟ್ರೋಲಿನಲ್ಲಿ ಅದಕ್ಕಿಂತ ತುಸು ಹೆಚ್ಚೇ ಇದೆ! ಕೋಟ್ಯಂತರ ವರ್ಷಗಳ ಬಿಸಿಲನ್ನು ಹಿಂಡಿ, ಬಾಟಲಿಯಲ್ಲಿ ಹಿಡಿಸುವಂತೆ ಮಾಡಿಟ್ಟ ವಸ್ತು ಅದು. ಹೊತ್ತೊಯ್ಯಬಹುದು, ವರ್ಷಗಟ್ಟಲೆ ಇಡಬಹುದು, ಬೇಕಾದಾಗ ಉರಿಸಬಹುದು. ಇದಕ್ಕೆ ಬದಲಿ ಹುಡುಕುವುದು ಹುಡುಗಾಟವಲ್ಲ.

ಬಿಸಿಲಿಗೇನೂ ಬರವಿಲ್ಲ. ಮನುಷ್ಯಕುಲ ಒಂದು ವರ್ಷ ಬಳಸುವಷ್ಟು ಶಕ್ತಿ ಸೂರ್ಯನಿಂದ ಭೂಮಿಯ ವಾತಾವರಣದ ಅಂಚಿಗೆ ಸುಮಾರು ಒಂದು ಗಂಟೆಯಲ್ಲಿ ಬಂದು ಬೀಳುತ್ತದೆ. ಅದನ್ನು ಹಿಡಿಯುವ ಸೋಲಾರ್ ಫಲಕದ ಬೆಲೆ 2010ರಿಂದ 2020ರ ನಡುವೆ ಶೇ 90ರಷ್ಟು ಇಳಿಯಿತು. ವಿದ್ಯುತ್ತು ತಯಾರಿಸುವ ತಂತ್ರಜ್ಞಾನಗಳಲ್ಲಿ ಇಷ್ಟು ಬೇಗ ಇಷ್ಟು ಅಗ್ಗವಾದದ್ದು ಇನ್ನೊಂದಿಲ್ಲ. 2024ರಲ್ಲಿ ಜಗತ್ತಿನ ವಿದ್ಯುತ್ತಿನಲ್ಲಿ ಸೋಲಾರ್ ಮತ್ತು ಗಾಳಿಯ ಪಾಲು ಶೇ 15ರಷ್ಟಿತ್ತು. ಜಲವಿದ್ಯುತ್ತು, ಅಣುವಿದ್ಯುತ್ತು ಎಲ್ಲ ಸೇರಿದರೆ ಇಂಗಾಲ ಉಗುಳದ ವಿದ್ಯುತ್ತು ಶೇ 40 ದಾಟಿತು. ಖುಷಿಯ ಸುದ್ದಿಯೇ. ಆದರೆ ವಿದ್ಯುತ್ತು ಎನ್ನುವುದು ಜನರ ಕೈಗೆ ಬರುವ ಒಟ್ಟು ಶಕ್ತಿಯಲ್ಲಿ ಐದನೇ ಒಂದು ಪಾಲು ಮಾತ್ರ. ಉಳಿದ ನಾಲ್ಕು ಪಾಲಿನಲ್ಲಿ ಹೆಚ್ಚಿನದು ಇಂಜಿನ್ನು, ಒಲೆ, ಕುಲುಮೆಗಳಲ್ಲಿ ನೇರವಾಗಿ ಉರಿಯುತ್ತಿದೆ.

ಇನ್ನು ಸೋರಿಕೆಯ ವಿಷಯ. ನನ್ನ ಮಟ್ಟಿಗೆ ಇಡೀ ಕಥೆಯಲ್ಲಿ ತುಂಬಾ ಆಶಾದಾಯಕ ಭಾಗ ಇದೇ. ಕಲ್ಲಿದ್ದಲು ಸ್ಥಾವರದಲ್ಲಿ ಉರಿಸಿದ ಮೂರು ಪಾಲಿನಲ್ಲಿ ಸುಮಾರು ಒಂದು ಪಾಲು ವಿದ್ಯುತ್ತಾಗುತ್ತದೆ. ಮಿಕ್ಕ ಎರಡು ಪಾಲು ಕೂಲಿಂಗ್ ಟವರಿನ ಹಬೆಯಾಗಿ, ಚಿಮಣಿಯ ಬಿಸಿಯಾಗಿ ಹೋಗುತ್ತದೆ. ಪೆಟ್ರೋಲ್ ಕಾರು ಇನ್ನೂ ದುಂದುಗಾರ. ಟ್ಯಾಂಕಿನ ಶಕ್ತಿಯಲ್ಲಿ ಚಕ್ರಕ್ಕೆ ತಲುಪುವುದು ಶೇ 20ರಿಂದ 30. ಉಳಿದದ್ದರಿಂದ ರೇಡಿಯೇಟರ್ ಕಾಯುತ್ತದೆ. ವಿದ್ಯುತ್ ಮೋಟಾರು ಬ್ಯಾಟರಿಯ ಶಕ್ತಿಯಲ್ಲಿ ಶೇ 80ಕ್ಕಿಂತ ಹೆಚ್ಚನ್ನು ಚಕ್ರಕ್ಕೆ ಕೊಡುತ್ತದೆ. ಹಾಗಾಗಿ ಈಗಿನ 600 ಎಕ್ಸಾಜೂಲ್‌ಗೆ ಅಷ್ಟೇ ತೂಕದ ಬದಲಿ ಹುಡುಕಬೇಕಿಲ್ಲ. ಅದರಲ್ಲಿ ದೊಡ್ಡ ಪಾಲನ್ನು ನಾವು ಬಳಸುತ್ತಲೇ ಇಲ್ಲ, ಆಕಾಶ ಕಾಯಿಸುತ್ತಿದ್ದೇವೆ ಅಷ್ಟೆ.

ಅಮೂಲ್ಯ ರೆಡ್ಡಿ ಜೀವನಪೂರ್ತಿ ಹಿಡಿದಿದ್ದು ಈ ಎಳೆಯನ್ನೇ. ಅವರು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಿದ್ಯುತ್ ರಸಾಯನ ವಿಜ್ಞಾನಿ. 1974ರಲ್ಲಿ ಅಲ್ಲಿಯೇ ‘ಅಸ್ತ್ರ’ ಎಂಬ ಹಳ್ಳಿ ತಂತ್ರಜ್ಞಾನದ ವಿಭಾಗ ಶುರುಮಾಡಿದರು. ಕಡಿಮೆ ಸೌದೆಯಲ್ಲಿ, ಕಡಿಮೆ ಹೊಗೆಯಲ್ಲಿ ಅಡುಗೆಯಾಗುವ ಅಸ್ತ್ರ ಒಲೆ ಬಂದದ್ದು ಅಲ್ಲಿಂದ. ಯಾರಿಗೂ ಕಲ್ಲಿದ್ದಲು ಬೇಕಿಲ್ಲ, ಯೂನಿಟ್ಟೂ ಬೇಕಿಲ್ಲ. ಬೆಂದ ಅನ್ನ, ಕತ್ತಲಲ್ಲಿ ಬೆಳಕು, ಹೊಲಕ್ಕೆ ನೀರು ಬೇಕು. ಲೆಕ್ಕವನ್ನು ಅಲ್ಲಿಂದ ಶುರುಮಾಡಬೇಕು ಎನ್ನುವುದು ಅವರ ವಾದ. ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಅವರ ತಂಡ ಸಗಣಿಯಿಂದ ಗೋಬರ್ ಗ್ಯಾಸ್ ಮಾಡಿ ಅಡುಗೆಗೆ ಕೊಡಲು ಹೊರಟಿತ್ತು. ಎಲ್ಲ ಮನೆಗೆ ಸಾಲುವಷ್ಟು ಗ್ಯಾಸ್ ಸಿಗಲಿಲ್ಲ. ಆಮೇಲೆ 1980ರ ದಶಕದಲ್ಲಿ ಅದೇ ಗ್ಯಾಸಿನಿಂದ ಸಣ್ಣ ಇಂಜಿನ್ ಓಡಿಸಿ, ಕುಡಿಯುವ ನೀರು ಮತ್ತು ಮನೆಗಳಿಗೆ ದೀಪ ಕೊಟ್ಟರು. ಇದ್ದ ಅಲ್ಪ ಶಕ್ತಿಯಲ್ಲಿ ಯಾವ ಕೆಲಸ ಆಗುತ್ತದೋ ಅದನ್ನು ಆರಿಸಿಕೊಂಡರು.

1980ರ ದಶಕದ ಕೊನೆಗೆ ಕರ್ನಾಟಕಕ್ಕೆ ಮುಂದೆ ಎಷ್ಟು ವಿದ್ಯುತ್ತು ಬೇಕಾದೀತು ಎಂದು ಸರ್ಕಾರಿ ಸಮಿತಿಯೊಂದು ಅಂದಾಜು ಮಾಡಿತು. ರೆಡ್ಡಿ ತಂಡ ಬೇರೆಯದೇ ಲೆಕ್ಕ ಮುಂದಿಟ್ಟಿತು. ಒಳ್ಳೆಯ ಬಲ್ಬು, ಒಳ್ಳೆಯ ಪಂಪು, ಸ್ನಾನದ ನೀರಿಗೆ ಬಿಸಿಲು ಬಳಸಿದರೆ ಅದಕ್ಕಿಂತ ತುಂಬಾ ಕಡಿಮೆ ಸಾಕು ಎಂದಿತು. ಆಗ ಅದು ಹಟದ ಮಾತಿನಂತೆ ಕಂಡಿರಬಹುದು. ಈಗ ಬೆಂಗಳೂರಿನ ಮಾಳಿಗೆಗಳ ಮೇಲೆ ಸಾಲುಸಾಲು ಸೋಲಾರ್ ವಾಟರ್ ಹೀಟರುಗಳಿವೆ. 2015ರಿಂದ ಕೇಂದ್ರದ ಉಜಾಲಾ ಯೋಜನೆಯಲ್ಲಿ 36 ಕೋಟಿಗೂ ಹೆಚ್ಚು ಎಲ್‌ಇಡಿ ಬಲ್ಬುಗಳು ಹಂಚಿಕೆಯಾದವು. 60 ವ್ಯಾಟಿನ ಹಳೆಯ ಬಲ್ಬಿನ ಬೆಳಕನ್ನು 9 ವ್ಯಾಟಿನ ಎಲ್‌ಇಡಿ ಕೊಡುತ್ತದೆ.

ಆದರೆ ರೆಡ್ಡಿಯವರ ದಾರಿಗೂ ಒಂದು ಹಳೆಯ ಕಾಟ ಇದೆ. ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ವಿಲಿಯಂ ಸ್ಟ್ಯಾನ್ಲಿ ಜೆವನ್ಸ್ 1865ರಲ್ಲೇ ಅದನ್ನು ಗುರುತಿಸಿದ್ದರು. ಜೇಮ್ಸ್ ವ್ಯಾಟ್‌ನ ಹಬೆ ಯಂತ್ರ ಹಿಂದಿನದಕ್ಕಿಂತ ಎಷ್ಟೋ ಕಡಿಮೆ ಕಲ್ಲಿದ್ದಲು ತಿನ್ನುತ್ತಿತ್ತು. ಅದಕ್ಕೇ ಅಂಥ ಯಂತ್ರಗಳನ್ನು ಎಲ್ಲೆಲ್ಲೂ ಇಟ್ಟರು. ಒಟ್ಟು ಬಳಕೆ ಇಳಿಯುವ ಬದಲು ಏರಿತು. ಶಕ್ತಿಯ ಇತಿಹಾಸವೂ ಹಾಗೆಯೇ ಇದೆ. ಸೌದೆಯ ಜೊತೆ ಕಲ್ಲಿದ್ದಲು ಬಂತು, ಕಲ್ಲಿದ್ದಲಿನ ಜೊತೆ ಎಣ್ಣೆ ಬಂತು. ಹೊಸದು ಬಂದಾಗ ಹಳೆಯದು ಮನೆ ಖಾಲಿ ಮಾಡಲಿಲ್ಲ. 1900ರಲ್ಲಿ ಜಗತ್ತು ಉರಿಸಿದ ಕಲ್ಲಿದ್ದಲು ನೂರು ಕೋಟಿ ಟನ್ನಿಗಿಂತ ಕಡಿಮೆ. 2024ರಲ್ಲಿ ಸುಮಾರು 880 ಕೋಟಿ ಟನ್, ಅಲ್ಲಿಯವರೆಗಿನ ದಾಖಲೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಉರಿಸಿದ ಚೀನಾ ಅದೇ ವರ್ಷ 277 ಗಿಗಾವ್ಯಾಟ್ ಸೋಲಾರನ್ನೂ ಹಾಕಿತು. ಆಗ ಭಾರತದಲ್ಲಿದ್ದ ಒಟ್ಟು ಸೋಲಾರಿನ ಎರಡು ಪಟ್ಟಿಗೂ ಜಾಸ್ತಿ ಅದು. ಕೂಡುವ ಲೆಕ್ಕ ನಮಗೆ ಚೆನ್ನಾಗಿ ಬರುತ್ತದೆ. ಕಳೆಯುವುದೇ ಬರುತ್ತಿಲ್ಲ.

ಕಳೆದು ತೋರಿಸಿದವರು ಇಲ್ಲವೆಂದಲ್ಲ. ಸಾರ್ವಜನಿಕರಿಗೆ ಕರೆಂಟು ಕೊಡುವ ಕಲ್ಲಿದ್ದಲು ಸ್ಥಾವರ ಲಂಡನ್ನಿನಲ್ಲಿ ಶುರುವಾದದ್ದು 1882ರಲ್ಲಿ. ಬ್ರಿಟನ್ನಿನ ಕೊನೆಯ ಕಲ್ಲಿದ್ದಲು ವಿದ್ಯುತ್ ಸ್ಥಾವರ 2024ರ ಸೆಪ್ಟೆಂಬರ್ 30ರಂದು ಮುಚ್ಚಿತು. ಕಲ್ಲಿದ್ದಲಿನ ಜಾಗಕ್ಕೆ ಅಲ್ಲಿ ಗಾಳಿಯ ಜೊತೆ ಅನಿಲವೂ ಬಂತು ಎನ್ನುವುದು ಬೇರೆ ಮಾತು. ಅವರು ಬಳಸುವ ಎಷ್ಟೋ ಸಾಮಾನು ಈಗ ಚೀನಾದ ಕಲ್ಲಿದ್ದಲಿನಲ್ಲಿ ತಯಾರಾಗುತ್ತದೆ ಎನ್ನುವುದು ಮತ್ತೂ ಒಂದು ಮಾತು.

ನಮ್ಮ ಕಡೆಗೆ ಬರೋಣ. ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13 ಸಾವಿರ ಎಕರೆಯಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಇದೆ. ಜಮೀನನ್ನು ಕೊಂಡುಕೊಳ್ಳದೆ ರೈತರಿಂದ ಗುತ್ತಿಗೆಗೆ ಪಡೆದದ್ದು ಅದರ ವಿಶೇಷ. ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21 ಸಾವಿರ ರೂಪಾಯಿ. ಮಳೆ ಇಲ್ಲದ ಊರಿಗೆ ಅದು ಸಣ್ಣ ಮೊತ್ತವಲ್ಲ. ಜಮೀನಿಲ್ಲದ ಕೂಲಿಯವರಿಗೆ ಮಾತ್ರ ಗುತ್ತಿಗೆ ಹಣವೂ ಇಲ್ಲ, ಹೊಲದ ಕೆಲಸವೂ ಇಲ್ಲ. ಈ ಪಾರ್ಕ್ ಮಧ್ಯಾಹ್ನ ಭರ್ಜರಿಯಾಗಿ ಕರೆಂಟು ಕೊಡುತ್ತದೆ. ಸಂಜೆ ಆರೂವರೆಗೆ ಎಲ್ಲರೂ ದೀಪ, ಟಿವಿ, ಮಿಕ್ಸಿ ಹಾಕುವ ಹೊತ್ತಿಗೆ ಸೊನ್ನೆಗೆ ಬಂದು ನಿಂತಿರುತ್ತದೆ.

ಬಿಸಿಲಿನ ವಿದ್ಯುತ್ತಿನ ನಿಜವಾದ ತೊಡಕು ಇದು. ಎಷ್ಟು ಸಿಗುತ್ತದೆ ಎನ್ನುವುದಕ್ಕಿಂತ ಯಾವಾಗ ಸಿಗುತ್ತದೆ ಎನ್ನುವುದು ಮುಖ್ಯ. ಇದಕ್ಕೆ ತೀರಾ ಅಗ್ಗದ ಪರಿಹಾರ, ಕೆಲಸವನ್ನೇ ಹಗಲಿಗೆ ತರುವುದು. ಕರ್ನಾಟಕದ ವಿದ್ಯುತ್ತಿನಲ್ಲಿ ಮೂರನೇ ಒಂದು ಪಾಲಿನ ಆಸುಪಾಸು ಕೃಷಿ ಪಂಪ್‌ಸೆಟ್‌ಗಳಿಗೆ ಹೋಗುತ್ತದೆ. ರಾತ್ರಿ ಎಷ್ಟೊತ್ತಿಗೋ ಪಂಪಿಗೆ ಬೇಕಾದ ತ್ರೀಫೇಸ್ ಕರೆಂಟು ಬಂತೆಂದು ಹಾವು, ಚೇಳಿನ ನಡುವೆ ಟಾರ್ಚ್ ಹಿಡಿದು ನೀರು ಕಟ್ಟಲು ಹೋಗುವ ಪಾಡು ರೈತರಿಗೆ ಗೊತ್ತು. ಕೇಂದ್ರದ ಕುಸುಮ್ ಯೋಜನೆಯಲ್ಲಿ ಕೃಷಿ ಫೀಡರುಗಳಿಗೆ, ಅಂದರೆ ಪಂಪ್‌ಸೆಟ್‌ಗಳಿಗೆಂದೇ ಇರುವ ಲೈನುಗಳಿಗೆ, ಸೋಲಾರ್ ಜೋಡಿಸಿ ಹಗಲಲ್ಲೇ ತ್ರೀಫೇಸ್ ಕೊಡುವ ಕೆಲಸ ಈಗ ನಡೆದಿದೆ. ಮಧ್ಯಾಹ್ನದ ಬಿಸಿಲು ಮಧ್ಯಾಹ್ನವೇ ನೀರಾದರೆ ಬ್ಯಾಟರಿಯೇ ಬೇಡ. ನನಗೆ ಕೇಳಿದರೆ, ಇಡೀ ದೇಶದಲ್ಲಿ ಇಷ್ಟು ಸರಳವಾದ ಹಸಿರು ಯೋಜನೆ ಇನ್ನೊಂದಿಲ್ಲ. ಅಂತರ್ಜಲ ಇನ್ನೂ ಆಳಕ್ಕೆ ಹೋಗುತ್ತದೆ ಎಂಬ ಭಯವೂ ನ್ಯಾಯವೇ.

ಎಲ್ಲ ಕೆಲಸ ಹಗಲಿಗೆ ಬರುವುದಿಲ್ಲ. ಉಳಿದದ್ದಕ್ಕೆ ಕೂಡಿಡಬೇಕು. ಕ್ಯಾಲಿಫೋರ್ನಿಯಾದಲ್ಲಿ 2024ರ ಹೊತ್ತಿಗೆ 10 ಗಿಗಾವ್ಯಾಟಿಗೂ ಮೀರಿದ ಬ್ಯಾಟರಿಗಳು ಬಂದು, ಹಗಲ ಬಿಸಿಲನ್ನು ಸಂಜೆಗೆ ಬಡಿಸುತ್ತಿವೆ. ಹಳೆಯ ವಿಧಾನ ಪಂಪ್ಡ್ ಸ್ಟೋರೇಜ್. ಹಗಲು ನೀರನ್ನು ಗುಡ್ಡದ ಮೇಲಿನ ಜಲಾಶಯಕ್ಕೆ ಎತ್ತಿ, ಸಂಜೆ ಕೆಳಗೆ ಬಿಟ್ಟು ಟರ್ಬೈನ್ ತಿರುಗಿಸುವುದು. ಎತ್ತಲು ಖರ್ಚಾದ ನೂರು ಯೂನಿಟ್ಟಿನಲ್ಲಿ 75ರಿಂದ 80 ವಾಪಸ್ ಸಿಗುತ್ತದೆ. ಒಂದು ಯೂನಿಟ್ ಕೂಡಿಡಲು ಸಾವಿರ ಲೀಟರ್ ನೀರನ್ನು ಸುಮಾರು 400 ಮೀಟರ್ ಎತ್ತಬೇಕು. ಆದ್ದರಿಂದ ಇದಕ್ಕೆ ಎತ್ತರದ ಬೆಟ್ಟ ಬೇಕು, ಕೆಳಗೂ ಮೇಲೂ ಕೆರೆಯಷ್ಟು ನೀರು ಬೇಕು. ನಮ್ಮಲ್ಲಿ ಅದು ಇರುವುದು ಪಶ್ಚಿಮ ಘಟ್ಟದಲ್ಲಿ.

ತಲಕಳಲೆ ಮತ್ತು ಗೇರುಸೊಪ್ಪ ಜಲಾಶಯಗಳ ನಡುವೆ 2,000 ಮೆಗಾವ್ಯಾಟಿನ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆಗೆ ವಿರೋಧ ಜೋರಾಗಿರುವುದು ಇದೇ ಕಾರಣಕ್ಕೆ. ಸುರಂಗಗಳು ಹೋಗಬೇಕಾದ್ದು ಸಿಂಗಳೀಕಗಳ ಅಭಯಾರಣ್ಯದಲ್ಲಿ. ಎರಡೂ ಜಲಾಶಯ ಆಗಲೇ ಇವೆ, ಹೊಸ ಮುಳುಗಡೆ ಇಲ್ಲ ಎನ್ನುತ್ತಾರೆ ಪರವಾಗಿರುವವರು. ಶರಾವತಿ ಆಗಲೇ ಸಾಕಷ್ಟು ಕೊಟ್ಟಾಗಿದೆ ಎನ್ನುತ್ತಾರೆ ಅಲ್ಲಿನವರು. 1964ರ ಲಿಂಗನಮಕ್ಕಿ ಅಣೆಕಟ್ಟೆಯಿಂದ ನಾಡಿಗೆಲ್ಲ ಬೆಳಕು ಬಂತು. ಮುಳುಗಡೆಯಾದ ಕುಟುಂಬಗಳು ಭೂಮಿಯ ಹಕ್ಕಿಗಾಗಿ ಇವತ್ತಿಗೂ ಅಲೆಯುತ್ತಿವೆ. ಆ ಸಾಲ ತೀರಿಸದೆ ಅದೇ ಕಣಿವೆಯಲ್ಲಿ ‘ಇದು ಹಸಿರು ವಿದ್ಯುತ್ತು’ ಎಂದರೆ ಜನ ನಂಬುವುದು ಕಷ್ಟ.

ಕೆಲವು ಕಡೆ ಬಿಸಿಲು, ಬ್ಯಾಟರಿ ಎರಡೂ ಪೂರ್ತಿ ಸಾಲವು. ಸಿಮೆಂಟಿಗಾಗಿ ಸುಣ್ಣದ ಕಲ್ಲನ್ನು ಸುಟ್ಟಾಗ ಆ ಕಲ್ಲಿನೊಳಗಿಂದಲೇ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ಬೆಂಕಿ ಸೋಲಾರಿನದಾದರೂ ಅದು ನಿಲ್ಲದು. ಜಗತ್ತು ವರ್ಷಕ್ಕೆ ಸುಮಾರು 400 ಕೋಟಿ ಟನ್ ಸಿಮೆಂಟ್ ಮಾಡುತ್ತಿದೆ.

ಇನ್ನೊಂದು ಕಡೆ, 200 ಕೋಟಿಗೂ ಹೆಚ್ಚು ಜನ ಇವತ್ತಿಗೂ ಸೌದೆ, ಸಗಣಿ, ಇದ್ದಿಲ ಹೊಗೆಯಲ್ಲೇ ಅಡುಗೆ ಮಾಡುತ್ತಾರೆ. ಅವರಿಗೆ ಕಡಿಮೆ ಬಳಸಿ ಎಂದು ಹೇಳುವಂತಿಲ್ಲ. ಅವರ ವ್ಯಾಟು ಏರಲೇಬೇಕು. 9 ಸಾವಿರದವರದು ಇಳಿಯಬೇಕು. ಹವಾಮಾನ ಸಮ್ಮೇಳನಗಳಲ್ಲಿ ವರ್ಷವರ್ಷವೂ ಮಾತು ಸಿಕ್ಕಿಬೀಳುವುದು ಇಲ್ಲಿಯೇ.

ಭಾರತದಲ್ಲಿ ಮುಂದಿನ ದೊಡ್ಡ ಹೊರೆ ಏಸಿಯದು. ಸೆಕೆ ಜಾಸ್ತಿಯಾದಷ್ಟೂ ಏಸಿ ಜಾಸ್ತಿ. ಅದು ಕಲ್ಲಿದ್ದಲಿನಲ್ಲಿ ಓಡಿದಷ್ಟೂ ಸೆಕೆ ಜಾಸ್ತಿ. ಅದೂ ಎಲ್ಲರೂ ಹಾಕುವುದು ಸೂರ್ಯ ಮುಳುಗಿದ ಮೇಲೆ. ಒಂದು ಡಿಗ್ರಿ ಏರಿಸಿಟ್ಟರೆ ಸುಮಾರು ಶೇ 6ರಷ್ಟು ವಿದ್ಯುತ್ತು ಉಳಿಯುತ್ತದೆ. ಹಳೆಯ ಫ್ಯಾನು 75 ವ್ಯಾಟ್ ತಿಂದರೆ ಹೊಸ ಬಗೆಯ ಮೋಟಾರಿನ ಬಿಎಲ್‌ಡಿಸಿ ಫ್ಯಾನಿಗೆ 30 ಸಾಕು. ಅದನ್ನು ಜೊತೆಗೆ ಹಾಕಿಕೊಂಡರೆ 26 ಡಿಗ್ರಿಯಲ್ಲೂ ನಿದ್ದೆ ಬರುತ್ತದೆ. 2020ರ ಜನವರಿಯಿಂದ ಭಾರತದಲ್ಲಿ ಮಾರುವ ಸ್ಟಾರ್ ಗುರುತಿನ ಏಸಿಗಳು ಆನ್ ಮಾಡಿದಾಗ 24 ಡಿಗ್ರಿಯಲ್ಲೇ ಶುರುವಾಗಬೇಕು ಎಂಬ ನಿಯಮ ಇದೆ. ರಿಮೋಟ್ ಕೈಗೆ ಬಂದ ತಕ್ಷಣ ಅದನ್ನು 18ಕ್ಕೆ ಇಳಿಸುವವರಿಗೆ ಮಾತ್ರ ಯಾವ ನಿಯಮವೂ ಇಲ್ಲ.