‘ಇದು ರಕ್ತದಾಗೇ ಬಂದದ ಏನ್ರಿ?’

ಆಳಂದ ಕಡೆಯ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಕಲಬುರಗಿಗೆ, ನಮ್ಮ ಮಾನಸಿಕ ಚಿಕಿತ್ಸಾ ವಿಭಾಗಕ್ಕೆ ಬಂದಿದ್ದರು. ಹುಡುಗಿಗೆ 17 ವರ್ಷ, ಪಿಯುಸಿ ಸೈನ್ಸ್. ಕಾಲೇಜಿಗೆ ಹೊರಡೋ ಹೊತ್ತಿಗೆ ಸರಿಯಾಗಿ ಹೊಟ್ಟೆನೋವು, ಎದೆ ಢವಢವ. ಸ್ಕ್ಯಾನಿಂಗ್ ಆಗಿತ್ತು, ತಾಯಿತವೂ ಆಗಿತ್ತು. ಗೆಳತಿಯರ ಜೊತೆ ಮಾತು ಬಿಟ್ಟು ಮೂರು ತಿಂಗಳು. ಮಗಳು ಹೊರಗೆ ಹೋದ ಮೇಲೆ ತಾಯಿ ದನಿ ತಗ್ಗಿಸಿದರು. “ನಮ್ಮವ್ವಗೂ ಹಿಂಗೇ ಇತ್ರಿ. ನನಗೂ ಒಂದೊಂದ್ಸಲ ಆಗ್ತದ. ಇದು ರಕ್ತದಾಗೇ ಬಂದದ ಏನ್ರಿ?” (ಗುರುತು ಸಿಗದಂತೆ ವಿವರ ಬದಲಿಸಿದ್ದೇನೆ.)

ನಾಳೆ ಗಂಡಿನ ಕಡೆಯವರಿಗೆ ಏನು ಹೇಳೋದು ಅನ್ನೋ ಭಯವೂ ಈ ಪ್ರಶ್ನೆಯಲ್ಲಿ ಇರುತ್ತದೆ.

ಅಂಜಿಕೆ, ಖಿನ್ನತೆಯಂಥವುಗಳಲ್ಲಿ ಮನೆತನದಿಂದ ಬರುವುದು ಕಾಯಿಲೆಯಲ್ಲ, ಬೇಗ ನೋಯುವ ಗುಣ. ತೊಗರಿ ಬೆಳೆಯುವವರಿಗೆ ಇದನ್ನು ತಿಳಿಸುವುದು ಸುಲಭ. ಗಿಡ ಒಣಗಿಸುವ ನೆಟೆ ರೋಗದ ಶಿಲೀಂಧ್ರ ಮಣ್ಣಿನಲ್ಲಿ ಇರುತ್ತದೆ. ಅದೇ ಹೊಲದಲ್ಲಿ ಒಂದು ತಳಿ ಒಣಗುತ್ತದೆ, ಟಿಎಸ್-3ಆರ್‌ನಂಥದ್ದು ತಡೆದುಕೊಳ್ಳುತ್ತದೆ. ಶಿಲೀಂಧ್ರವೇ ಇಲ್ಲದ ಹೊಲದಲ್ಲಿ ಎರಡಕ್ಕೂ ನೆಟೆ ಬಾರದು. ಇಲ್ಲಿ ತಳಿ ಅಂದರೆ ಹುಟ್ಟುಗುಣ, ಶಿಲೀಂಧ್ರ ಅಂದರೆ ಬದುಕಿನ ಕಷ್ಟ.

ಅವಳಿಗಳನ್ನು ನೋಡಿ ಮಾಡಿದ ಲೆಕ್ಕದಲ್ಲಿ ಖಿನ್ನತೆಗೆ ವಂಶವಾಹಿಗಳ (ಜೀನ್) ಪಾಲು ಶೇಕಡ 40ರ ಆಸುಪಾಸು. ಇದು ಜನರ ನಡುವಿನ ವ್ಯತ್ಯಾಸದ ಲೆಕ್ಕ. ನಿಮ್ಮ ಮಗಳ ದುಃಖದಲ್ಲಿ ನಲವತ್ತು ಪಾಲು ಅಜ್ಜಿಯದು ಅಂತಲ್ಲ! ಮಿದುಳಿನ ರಾಸಾಯನಿಕ ಸೆರೊಟೋನಿನ್‌ಗೆ ಸಂಬಂಧಿಸಿದ ವಂಶವಾಹಿಯ ಒಂದು ರೂಪ ಇದ್ದವರು ಕಷ್ಟ ಬಂದಾಗ ಬೇಗ ಕುಸಿಯುತ್ತಾರೆ ಎಂದು 2003ರಲ್ಲಿ ದೊಡ್ಡ ಸುದ್ದಿಯಾಗಿತ್ತು. ನಾವೂ ಅದನ್ನು ಖುಷಿಯಿಂದ ಹೇಳುತ್ತಿದ್ದೆವು. 2019ರಲ್ಲಿ ಲಕ್ಷಾಂತರ ಜನರ ಮಾಹಿತಿ ಇಟ್ಟು ನೋಡಿದಾಗ ಆ ಮಾತು ನಿಲ್ಲಲಿಲ್ಲ. ಅದೇ ವರ್ಷ ಇನ್ನೊಂದು ಅಧ್ಯಯನ ನಮ್ಮ ಡಿಎನ್‌ಎಯಲ್ಲಿ ಖಿನ್ನತೆಗೆ ನಂಟಿರುವ 102 ಜಾಗಗಳನ್ನು ತೋರಿಸಿತು. ಒಂದೊಂದರ ಪ್ರಭಾವವೂ ಸಾಸಿವೆಯಷ್ಟು. ಹಾಗಾಗಿ “ರಕ್ತ ತಪಾಸ್ ಮಾಡಿ ಹೇಳ್ರಿ” ಅಂದರೆ ಆಗದು.

ನನಗೆ ಜಾಸ್ತಿ ಮುಖ್ಯ ಅನ್ನಿಸೋದು ಬೇರೆ. ವಂಶವಾಹಿ ಒಂದು ಕಡೆ, ಕಷ್ಟ ಇನ್ನೊಂದು ಕಡೆ ಅಂತ ಬೇರೆಬೇರೆ ಇರುವುದಿಲ್ಲ. ಅಂಜುವ ಸ್ವಭಾವದ ಹುಡುಗಿ ಕ್ಲಾಸ್ ತಪ್ಪಿಸುತ್ತಾಳೆ. ಪಾಠ ಹಿಂದೆ ಬೀಳುತ್ತದೆ. ಬೈಗುಳ ಬರುತ್ತದೆ. ಅಂಜಿಕೆ ಇನ್ನಷ್ಟಾಗುತ್ತದೆ. ಕಷ್ಟ ಅವಳ ಸ್ವಭಾವದ ಬೆನ್ನು ಹತ್ತಿಯೇ ಬಂತು, ಅಲ್ವಾ? ಇನ್ನು ವಂಶವಾಹಿ ಕೊಟ್ಟ ತಾಯಿಯೇ ಮನೆಯನ್ನೂ ಕೊಟ್ಟಿರುತ್ತಾಳೆ. ಅವಳೇ ರಾತ್ರಿಯೆಲ್ಲ ಎದ್ದು ಕೂತಿದ್ದರೆ ಮಗಳು ಅದನ್ನು ನೋಡುತ್ತಲೇ ಬೆಳೆಯುತ್ತಾಳೆ.

ಅದಕ್ಕೇ ಆ ತಾಯಿಯನ್ನು ಕೇಳಿದೆ, “ನಿಮಗ ನಿದ್ದಿ ಹೆಂಗ್ ಬರ್ತದ್ರಿ?”

“ನಂದೇನ್ ಬಿಡ್ರಿ ಸರ್, ಅಕಿದ್ ನೋಡ್ರಿ.”

ಬಿಡಲಿಲ್ಲ. ಅಮೆರಿಕದಲ್ಲಿ 2006ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಚಿಕಿತ್ಸೆಯಿಂದ ತಾಯಂದಿರ ಖಿನ್ನತೆ ವಾಸಿಯಾದ ಮನೆಗಳಲ್ಲಿ ಮಕ್ಕಳ ತೊಂದರೆಯೂ ತಗ್ಗಿತ್ತು. ವಂಶವಾಹಿ ಹಾಗೇ ಇತ್ತು, ಮನೆ ಬದಲಾಗಿತ್ತು.

ಮಗಳಿಗೆ ವಾರಕ್ಕೊಮ್ಮೆ ಆಪ್ತಸಮಾಲೋಚನೆ ಶುರು ಮಾಡಿದೆವು. ಕಾಲೇಜಿನಲ್ಲಿ ಮೊದಮೊದಲು ಎರಡೇ ಪೀರಿಯಡ್ ಕೂರಲಿ ಎಂದೆವು. ತಾಯಿಯ ಹೆಸರಲ್ಲೂ ಒಂದು ಚೀಟಿ ಮಾಡಿಸಿದೆ. ನಡುವೆ ಮಗಳು ಸಾಯುವ ಮಾತು ಆಡಿದರೆ ಒಬ್ಬಳನ್ನೇ ಬಿಡಬೇಡಿ, ತಕ್ಷಣ ಕರೆತನ್ನಿ ಎಂದೆ. ಹಗಲು ರಾತ್ರಿ ಪುಕ್ಕಟೆ ಮಾತಾಡುವ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನೂ ಬರೆದುಕೊಟ್ಟೆ.

“ಮುಂದಿನ ಸಲ ಅವರಪ್ಪನೂ ಬರಲಿ.”

“ಅವ್ರು ಪುಣೆದಾಗ ಕೆಲಸಕ್ಕ ಹೋಗ್ಯಾರ್ರಿ. ದೀಪಾವಳಿಗೇ ಬರೋದು.”

“ಹಂಗಾದ್ರ ಫೋನ್ ಹಚ್ಚಿ ಕೊಡ್ರಿ, ಈಗೇ ಮಾತಾಡ್ತೀನಿ.”