ದುಡ್ಡು ಕೊಟ್ಟವರ ಹಾಡೋ, ಕಟ್ಟಿದವರ ಹಾಡೋ?

2017ರಲ್ಲಿ ಎಸ್‌.ಪಿ. ಬಾಲಸುಬ್ರಹ್ಮಣ್ಯಂ ಅಮೆರಿಕದಲ್ಲಿ ಕಾರ್ಯಕ್ರಮ ಕೊಡುತ್ತಿದ್ದಾಗ ಇಳಯರಾಜ ಕಡೆಯಿಂದ ಲಾಯರ್ ನೋಟಿಸ್ ಬಂತು. ತಮ್ಮ ಹಾಡುಗಳನ್ನು ಅನುಮತಿ ಇಲ್ಲದೆ ವೇದಿಕೆಯಲ್ಲಿ ಹಾಡುವಂತಿಲ್ಲ ಅಂತ. ಹಳೇ ಗೆಳೆಯರ ಮುನಿಸು ಅಂತ ಎಷ್ಟೋ ಜನ ಅಂದುಕೊಂಡರು. ಆದರೆ ಹಾಡು ಯಾರದ್ದು ಅನ್ನೋ ತಕರಾರು ಅವರಿಬ್ಬರಿಗಿಂತ ಹಳೆಯದು.

ಸಿನಿಮಾ ಹಾಡು ನಮ್ಮ ಕಿವಿಗೆ ಒಂದೇ. ಕಾನೂನಿಗೆ ಮಾತ್ರ ಸಾಹಿತ್ಯ ಬೇರೆ, ಟ್ಯೂನ್ ಬೇರೆ, ರೆಕಾರ್ಡಿಂಗ್ ಬೇರೆ. 1957ರ ಕಾಪಿರೈಟ್ ಕಾಯ್ದೆ ಟ್ಯೂನ್‌ಗೆ ಒಂದು ವಿಚಿತ್ರ ಷರತ್ತನ್ನೂ ಹಾಕಿತ್ತು. ಅದು ಬರಹದಲ್ಲೋ ಅಚ್ಚಿನಲ್ಲೋ ಇರಬೇಕು. ಹಾರ್ಮೋನಿಯಂ ಮುಂದೆ ಕೂತು ಗುನುಗುತ್ತಲೇ ರಾಗ ಹಾಕುವ ನಾಡಿನಲ್ಲಿ ಇದೆಂಥ ನಿಯಮ! 1994ರ ತಿದ್ದುಪಡಿ ಬಂದ ಮೇಲೆಯೇ ಅದು ಹೋಗಿದ್ದು.

ಅಷ್ಟರಲ್ಲಿ ದೊಡ್ಡ ಪೆಟ್ಟು ಬಿದ್ದಾಗಿತ್ತು. ಕವಿಗಳು, ಸಂಗೀತ ನಿರ್ದೇಶಕರ ಪರವಾಗಿ 1969ರಲ್ಲಿ ಹುಟ್ಟಿದ ಇಂಡಿಯನ್ ಪರ್ಫಾರ್ಮಿಂಗ್ ರೈಟ್ ಸೊಸೈಟಿ, ಅಂದರೆ ಐಪಿಆರ್‌ಎಸ್, ಥಿಯೇಟರ್‌ಗಳಿಂದ ಶುಲ್ಕ ಕೇಳಿತು. ನಿರ್ಮಾಪಕರು ಒಪ್ಪಲಿಲ್ಲ. ಸಂಭಾವನೆ ಕೊಟ್ಟು ಬರೆಸಿದ್ದು ನಾವು, ಹಾಡೂ ನಮ್ಮದೇ ಅಂದರು. ಕೇಸು ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. 1977ರಲ್ಲಿ ಕೋರ್ಟ್ ನಿರ್ಮಾಪಕರ ಪರ ನಿಂತಿತು. ಬೇರೆ ಒಪ್ಪಂದ ಇಲ್ಲದಿದ್ದರೆ, ದುಡ್ಡು ಕೊಟ್ಟು ಬರೆಸಿದವರೇ ಮೊದಲ ಮಾಲೀಕರು. ಅದೇ ತೀರ್ಪಿಗೆ ಸೇರಿಸಿದ ಟಿಪ್ಪಣಿಯಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಗಾಯಕರ ಮಾತೆತ್ತಿದರು. ಹಾಡುವವರಿಗೆ ಯಾವ ಹಕ್ಕೂ ಇಲ್ಲದಿರುವುದು ಸರಿಯಲ್ಲ, ಸಂಸತ್ತು ಇದನ್ನು ಗಮನಿಸಬೇಕು ಅಂದರು. ನನ್ನ ಮಟ್ಟಿಗೆ ಇಡೀ ತೀರ್ಪಿನಲ್ಲಿ ಹೆಚ್ಚು ಬಾಳಿಕೆ ಬಂದಿದ್ದು ಈ ಟಿಪ್ಪಣಿಯೇ.

ಗಾಯಕರಿಗೆ ಕಲಾವಿದರ ಹಕ್ಕು ಅಂತ ಏನಾದರೂ ಸಿಕ್ಕಿದ್ದು 1994ರಲ್ಲಿ. ಕವಿಗಳೂ ಸಂಗೀತ ನಿರ್ದೇಶಕರೂ 2012ರವರೆಗೆ ಕಾಯಬೇಕಾಯಿತು. ಆ ವರ್ಷದ ತಿದ್ದುಪಡಿಗಾಗಿ ಹಿಂದಿ ಚಿತ್ರಗೀತೆಗಳ ಕವಿ ಜಾವೇದ್ ಅಖ್ತರ್ ವರ್ಷಗಟ್ಟಲೆ ಓಡಾಡಿದರು, ರಾಜ್ಯಸಭೆಯಲ್ಲೂ ವಾದಿಸಿದರು. ಅದು ಮಾಲೀಕತ್ವವನ್ನು ಪೂರ್ತಿ ತಲೆಕೆಳಗು ಮಾಡಲಿಲ್ಲ. ಮಾಡಿದ್ದು ಅದಕ್ಕಿಂತ ಜಾಣ ಕೆಲಸ. ಹಾಡಿನ ಹಕ್ಕನ್ನು ನಿರ್ಮಾಪಕರಿಗೆ ಬರೆದುಕೊಟ್ಟರೂ ರಾಯಲ್ಟಿ ಮಾತ್ರ ಕೈಬಿಟ್ಟು ಹೋಗದ ಹಾಗೆ ಮಾಡಿತು. ಥಿಯೇಟರ್‌ನಲ್ಲಿ ಸಿನಿಮಾ ಓಡುವುದು ಇದರಿಂದ ಹೊರಗೆ. ಉಳಿದಂತೆ ರೇಡಿಯೊ, ರಿಂಗ್‌ಟೋನ್, ವೇದಿಕೆ, ಎಲ್ಲೇ ಬಳಸಿದರೂ ಬರೆದವರಿಗೂ ರಾಗ ಹಾಕಿದವರಿಗೂ ಪಾಲುಂಟು. ವಾರಸುದಾರರಿಗೆ ಅಥವಾ ಅವರ ಸೊಸೈಟಿಗೆ ಬಿಟ್ಟರೆ ಬೇರೆ ಯಾರಿಗೂ ಆ ಪಾಲನ್ನು ಬರೆದುಕೊಡಲಾಗದು. 'ಬೇಡ' ಅಂತ ಸಹಿ ಹಾಕಿಸಿಕೊಂಡರೂ ಅದು ನಿಲ್ಲುವುದಿಲ್ಲ.

ಹಾಗಾದರೆ ಪಲ್ಲವಿ, ಚರಣದ ನಡುವೆ ಕೊಳಲು ನುಡಿಸಿದವರು? ಕಾಯ್ದೆಯಲ್ಲಿ ವಾದ್ಯಗಾರರೂ ಕಲಾವಿದರೇ. ಆದರೆ ಎಷ್ಟೋ ಹಳೇ ಕ್ಯಾಸೆಟ್‌ಗಳ ಮೇಲೆ ಅವರ ಹೆಸರೇ ಇಲ್ಲ. ಇಂದು ಪಾಲು ಕೊಡಬೇಕು ಅಂದರೂ ಮೊದಲು ಹುಡುಕಬೇಕಾದ್ದು ಅಂದು ಸ್ಟುಡಿಯೊದಲ್ಲಿ ಯಾರಿದ್ದರು ಅನ್ನೋ ದಾಖಲೆಯನ್ನು.